ಒಂದೇ ದಿಕ್ಕಿಗೆ

ಕೈ ನಡುಗಲಿಲ್ಲ ಎಂಬುದೇ ಅವನಿಗೆ ಅವಮಾನವೆನಿಸಿತು. ಸೂಕ್ಷ್ಮದರ್ಶಕದ ಕೆಳಗೆ ಚಿಮುಟದಲ್ಲಿ ಹಿಡಿದಿದ್ದ ಹಾಳೆ ತಲೆಗೂದಲನ್ನು ನೂರು ಪದರವಾಗಿ ಸೀಳಿದರೆ ಅದರಲ್ಲೊಂದು ಪದರಕ್ಕಿಂತ ತೆಳು; ಉಸಿರು ತಾಗಿದರೂ ಮುದುಡಿಕೊಳ್ಳುವಂಥದ್ದು. ಅದನ್ನು ಚೌಕಟ್ಟಿನ ತೂತಿನ ಮೇಲೆ ಸುಕ್ಕಿಲ್ಲದಂತೆ ಇಳಿಸಿ, ಅಂಚು ಹಿಡಿದುಕೊಂಡಿತೆಂದು ಖಾತ್ರಿಯಾದ ಮೇಲೆ ಮೆಲ್ಲಗೆ ಉಸಿರು ಬಿಟ್ಟ. ಎಂದಿನಂತೆ. ಹೆಂಡತಿ ಮನೆ ಬಿಟ್ಟು ಹೋಗುತ್ತೇನೆಂದು ಹೇಳಿ ಒಂದು ವಾರವೂ ಆಗಿಲ್ಲ. ಎದೆಯೊಳಗೆ ಯಾರೋ ಮಂಚ ಮೇಜುಗಳನ್ನು ಎಳೆದಾಡುತ್ತಿರುವ ಹಾಗೆ ಸದ್ದು, ಊಟ ಗಂಟಲಲ್ಲಿ ಇಳಿಯುವುದಿಲ್ಲ, ಓದುತ್ತಿದ್ದ ಸಾಲನ್ನೇ ಮತ್ತೆ ಮತ್ತೆ ಓದುತ್ತಾನೆ. ಆದರೆ ಈ ಎರಡು ಬೆರಳುಗಳಿಗೆ ಮಾತ್ರ ಸುದ್ದಿ ಮುಟ್ಟಿಯೇ ಇಲ್ಲ. ಬೇರೆ ಯಾವ ಗಂಡಸಾಗಿದ್ದರೂ ಇವತ್ತು ಹಾಳೆ ಹರಿದು ಹಾಕುತ್ತಿದ್ದ. ಹರಿದಿದ್ದರೆ ಎಲ್ಲರೂ ಪಾಪ ಎನ್ನುತ್ತಿದ್ದರು. ಹೆಂಡತಿಯ ಕಿವಿಗೂ ಬೀಳುತ್ತಿತ್ತು, ಅವಳು ಒಂದು ಕ್ಷಣ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಚೌಕಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕುವಾಗ, ತಾನು ಯಾರಿಗೂ ಏನೂ ತೋರಿಸಿಕೊಡಲಾರದ ಮನುಷ್ಯ ಎಂದು ಅವನಿಗೆ ಬೇಸರವಾಯಿತು.

ಪ್ರಯೋಗಾಲಯದಲ್ಲಿ ಅವನನ್ನು ಎಲ್ಲರೂ ಹಾಳೆ ಸಾರ್ ಎಂದೇ ಕರೆಯುತ್ತಿದ್ದರು. ಭಾರವಾದ ಹೈಡ್ರೋಜನ್ ಬೆರೆತ ಪ್ಲಾಸ್ಟಿಕ್ಕಿನಿಂದ ಅವನು ಮಾಡುವ ಹಾಳೆಗೆ ಲೇಸರ್ ಬೆಳಕು ಬಡಿಯುತ್ತದೆ, ಕಣ್ಣೆವೆ ಅಲುಗುವುದಕ್ಕೆ ಎಷ್ಟೋ ಮುಂಚೆ ಹಾಳೆ ಇಲ್ಲವಾಗುತ್ತದೆ, ಅದರೊಳಗಿನ ಅಯಾನುಗಳು ಮಾತ್ರ ಹುಚ್ಚು ವೇಗದಲ್ಲಿ ಹಾರಿ ಹಿಂದೆಯೇ ಇಟ್ಟ ಬೆರಿಲಿಯಂ ಗಟ್ಟಿಗೆ ಹೊಡೆಯುತ್ತವೆ. ಆ ಗಟ್ಟಿಯಿಂದ ನ್ಯೂಟ್ರಾನುಗಳು ಹೊರಡುತ್ತವೆ. ಹೊರಡುವುದೇನೋ ಮೊದಲ ವರ್ಷದಿಂದಲೇ ಹೊರಟಿದ್ದವು. ಆದರೆ ಹಿಡಿ ಸಾಸಿವೆಯನ್ನು ನೆಲಕ್ಕೆ ಒಗೆದ ಹಾಗೆ, ಹಿಂದೆ, ಮುಂದೆ, ಪಕ್ಕಕ್ಕೆ, ಚಾವಣಿಗೆ, ಎತ್ತೆಂದರತ್ತ. ಅಂಥ ನ್ಯೂಟ್ರಾನುಗಳಿಂದ ಯಾರಿಗೂ ಪ್ರಯೋಜನವಿಲ್ಲ. ಒಂದೇ ದಿಕ್ಕಿಗೆ, ಟಾರ್ಚಿನ ಬೆಳಕಿನ ಹಾಗೆ ಹೋದರೆ ಮಾತ್ರ ದಪ್ಪ ಕಬ್ಬಿಣದ ಆಚೆ ಏನಿದೆ, ಮುಚ್ಚಿದ ಕೊಳವೆಯಲ್ಲಿ ನೀರು ನಿಂತಿದೆಯೇ, ಸೇತುವೆಯ ಒಳಗೆ ಬಿರುಕು ಬಿಟ್ಟಿದೆಯೇ ಎಂದು ನೋಡಬಹುದು. ಅದಕ್ಕೆ ಅಯಾನುಗಳು ಇನ್ನೂ ಜೋರಾಗಿ ಹಾರಬೇಕು, ತಾವು ಹೊರಟ ದಿಕ್ಕನ್ನೇ ನ್ಯೂಟ್ರಾನುಗಳಿಗೂ ಹಂಚುವಷ್ಟು ಜೋರಾಗಿ. ಅದಕ್ಕೆ ಹಾಳೆ ಇನ್ನೂ ತೆಳುವಾಗಬೇಕು. ತೆಳುವಾದ ಹಾಳೆಯ ಕಷ್ಟವೆಂದರೆ, ಲೇಸರಿನ ಮುಖ್ಯ ಮಿಂಚಿಗಿಂತ ಮುಂಚೆ ಸೋರಿಬರುವ ಮಂದ ಬೆಳಕಿಗೇ ಅದು ಹಾಳಾಗಿಬಿಡುತ್ತದೆ. ನಿಜವಾದ ಪೆಟ್ಟು ಬೀಳುವ ಹೊತ್ತಿಗೆ ಅಲ್ಲಿ ಹಾಳೆಯೇ ಇರುವುದಿಲ್ಲ. ಆ ಸೋರುವ ಬೆಳಕನ್ನು ತಡೆಯುವುದು ಗೆಳೆಯ ಉದ್ದಣ್ಣನ ಕೆಲಸ. ಇವನು ಹಾಳೆ ತೆಳುಮಾಡುತ್ತ, ಉದ್ದಣ್ಣ ಬೆಳಕು ತಡೆಯುತ್ತ, ಇಬ್ಬರ ತಲೆಗೂದಲೂ ಈ ಕಟ್ಟಡದಲ್ಲೇ ನರೆತಿತ್ತು.

ಉದ್ದಣ್ಣನನ್ನು ಮನೆಗೆ ಕರೆದುಕೊಂಡು ಹೋದವನು ತಾನೇ. ಒಂಟಿ ಮನುಷ್ಯ, ಡಬ್ಬದ ಊಟ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದಾನೆ, ಬಾರೋ ಎಂದು ಎಳೆದುಕೊಂಡು ಹೋಗಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದವನನ್ನು ನೋಡಿ ಹೆಂಡತಿ ನಗು ತಡೆಯಲಾರದೆ, "ಇವರು ಉದ್ದಣ್ಣನೇ ಸರಿ," ಎಂದಿದ್ದಳು. ಆ ಹೆಸರು ಹಾಗೆ ಮನೆಯಲ್ಲಿ ಹುಟ್ಟಿ ಪ್ರಯೋಗಾಲಯಕ್ಕೆ ಬಂದದ್ದು. ಉದ್ದಣ್ಣ ಬರ್ತಾರಾ, ಉದ್ದಣ್ಣಂಗೆ ಖಾರ ಆಗಲ್ಲ, ಉದ್ದಣ್ಣನ ಸ್ವೆಟರ್ ಇಲ್ಲೇ ಬಿಟ್ಟು ಹೋಗಿದ್ದಾರೆ. ವರ್ಷಗಟ್ಟಲೆ ನಡೆದ ಆ ಮಾತಿನಿಂದ ಯಾವತ್ತೋ ಒಂದು ದಿನ 'ಅಣ್ಣ' ಉದುರಿಹೋಯಿತು. ಹೆಸರೇ ಇಲ್ಲದೆ, ಬರೀ 'ಅವರು' ಎನ್ನತೊಡಗಿದಳು. ಅವರು ಬರ್ತಾರಾ ಊಟಕ್ಕೆ? ಅವನು ಅದನ್ನು ಗಮನಿಸಿದ್ದ. ಗಮನಿಸಿ, ಸೋರಿಬಂದ ಮಂದ ಬೆಳಕಿನಲ್ಲಿ ಏನೂ ಆಗದವನ ಹಾಗೆ, ಬರ್ತಾನೆ ಬರ್ತಾನೆ, ಇನ್ನೊಂದು ತಟ್ಟೆ ಹಾಕು ಎಂದಿದ್ದ.

ಭಾನುವಾರ ಬೆಳಿಗ್ಗೆ ತಿಂಡಿಯ ಮುಂದೆ ಕೂತು ಅವಳು, "ರೀ, ನಾನು ಇಲ್ಲಿಂದ ಹೋಗ್ಬೇಕು ಅಂದ್ಕೊಂಡಿದ್ದೀನಿ. ಅವರ ಮನೆಗೆ," ಎಂದಳು. ಯಾರ ಮನೆಗೆ ಎಂದು ಕೇಳಬೇಕಾಗಿರಲಿಲ್ಲ. ಅವಳದು ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಕೆಲಸ. ಮಗು ಶಬ್ದಕ್ಕಾಗಿ ತಡಕಾಡುವಾಗ ಅವಳು ಬಾಯಿಗೆ ಮಾತು ಹಾಕುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಮುಖದ ಮೇಲೆ ಒಂದಿಷ್ಟೂ ಆತುರವಿಲ್ಲದೆ ಕಾಯುತ್ತಿದ್ದಳು. ಅವನಿಗಾಗಿಯೂ ಹಾಗೇ ಕಾದಳು. ಎದುರಿಗೆ ಅವಳ ತಟ್ಟೆ, ತಟ್ಟೆಯಲ್ಲಿ ಮುರಿದ ಮೊಟ್ಟೆ. ದೊಡ್ಡದೊಂದು ಮಾತು ಬರುತ್ತಿದೆ ಎಂದು ಅವನಿಗೂ ಅನಿಸಿತು. ಬಾಯಿ ತೆರೆದ. "ಮೊಟ್ಟೆ ಆರ್ತಾ ಇದೆ, ತಿನ್ನು," ಎಂದ. ಅವಳು ಒಂದು ಗಳಿಗೆ ಅವನನ್ನು ನೋಡಿ, ಮಗು ತಪ್ಪು ಶಬ್ದ ಹೇಳಿದಾಗ ನೋಡುವ ಹಾಗೆ, ಬೈಯದೆ, ತಲೆ ಬಗ್ಗಿಸಿ ತಿಂದಳು. ಅವನೂ ತಿಂದ. ಆಮೇಲೆ ತಟ್ಟೆ ತೊಳೆದವನೂ ಅವನೇ. ಅವತ್ತಿನಿಂದ ಅವಳು ಚಿಕ್ಕ ಕೋಣೆಯಲ್ಲಿ ಮಲಗುತ್ತಿದ್ದಾಳೆ, ಪೆಟ್ಟಿಗೆ ಕಟ್ಟುತ್ತಿದ್ದಾಳೆ, ಶನಿವಾರ ಹೋಗುತ್ತಾಳೆ.

ವಿಭಾಗದ ಮುಖ್ಯಸ್ಥೆ ಅವನನ್ನು ಕರೆಸಿ ಬಾಗಿಲು ಮುಂದೆ ಮಾಡಿಕೊಂಡು ಕೇಳಿದ್ದರು: "ನೀವಿಬ್ಬರೂ ಒಟ್ಟಿಗೆ ಕೆಲಸ ಮಾಡೋಕೆ ಆಗುತ್ತಾ? ಆಗಲ್ಲ ಅಂದ್ರೆ ಹೇಳಿ, ಮುಜುಗರ ಬೇಡ." "ಯಾಕಾಗಲ್ಲ ಮೇಡಂ?" ಎಂದಿದ್ದ. ಅಂದರೆ ಎಲ್ಲರಿಗೂ ಗೊತ್ತಾಗಿದೆ. ಕಾಫಿ ಯಂತ್ರದ ಬಳಿ ನಡೆಯುತ್ತಿದ್ದ ಮಾತು ಅವನು ಹೋದರೆ ನಿಲ್ಲುತ್ತಿತ್ತು. ಕಂಟ್ರೋಲ್ ರೂಮಿನ ಎಂಜಿನಿಯರಮ್ಮ, ಯಾರಿಗೂ ತಮ್ಮ ಒಳ್ಳೆಯ ಕುರ್ಚಿ ಬಿಟ್ಟುಕೊಡದವರು, "ಹಾಳೆ ಸಾರ್, ಇಲ್ಲಿ ಕೂತ್ಕೊಳ್ಳಿ," ಎಂದು ಎದ್ದು ನಿಂತರು. ಆ ಕುರ್ಚಿಯಲ್ಲಿ ಕೂತಾಗ ಬಂದ ಅಳು ಭಾನುವಾರವೂ ಬಂದಿರಲಿಲ್ಲ. ಆಕಳಿಸಿದ ಹಾಗೆ ಮಾಡಿ ಕಣ್ಣೊರಸಿಕೊಂಡ. ಇವತ್ತೊಂದು ದಿನ ದಾಟಿದರೆ ಸಾಕು. ನಾಳೆಯಿಂದ ಲೇಸರನ್ನು ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ, ವರ್ಷವಿಡೀ ಕೆಲಸವಿಲ್ಲ. ಇವತ್ತಿನ ಒಂದು ಶಾಟ್, ಲೇಸರಿನ ಒಂದೇ ಹೊಡೆತ. ಇಷ್ಟು ವರ್ಷದ ಲೆಕ್ಕವೆಲ್ಲ ಇದೊಂದರ ಮೇಲೆ ನಿಂತಿದೆ.

ಹಾಳೆಗೆ ಲೇಸರ್ ಬಡಿಯುವುದು ಒಂದು ಉಕ್ಕಿನ ಗೋಳದೊಳಗೆ; ಅದರ ಬಾಯಿ ಎರಡು ತಲೆಗಳಿಗೆ ಸಾಲದು. ಆದರೂ ಹಾಳೆ ಕೂರಿಸುವವನೂ ಕನ್ನಡಿ ತಿರುಗಿಸುವವನೂ ಒಟ್ಟಿಗೇ ಅದರೊಳಗೆ ತಲೆ ಹಾಕಬೇಕು. ಇಬ್ಬರೂ ಬಿಳಿ ಟೊಪ್ಪಿಗೆ, ಬಿಳಿ ಗವಸು ಹಾಕಿಕೊಂಡು ಬಗ್ಗಿದ್ದರು. ಉದ್ದಣ್ಣನ ಕೆನ್ನೆ ಅವನ ಕೆನ್ನೆಯಿಂದ ಒಂದು ಗೇಣೂ ದೂರವಿರಲಿಲ್ಲ. ಬೇರೆ ಸೋಪಿನ ವಾಸನೆ ಬರಬಹುದು, ಅಥವಾ ತನ್ನ ಮನೆಯ ಸೋಪಿನದೇ ಬರಬಹುದು ಎಂದು ಅವನು ಉಸಿರು ಬಿಗಿಹಿಡಿದಿದ್ದ. ಬಂದದ್ದು ಉದ್ದಣ್ಣನ ಹಳೆಯ ವಾಸನೆಯೇ, ಬಿಸಿಯಾದ ತಂತಿಯದ್ದೂ ಬೆವರಿನದ್ದೂ. ಅದು ಇನ್ನೂ ಇಷ್ಟವಾಗುತ್ತದೆ ಎಂದು ತಿಳಿದು ಅವನು ಮುಖವನ್ನು ತುಸು ಪಕ್ಕಕ್ಕೆ ತಿರುಗಿಸಿದ.

"ಎಡಕ್ಕೆ ಸ್ವಲ್ಪ," ಎಂದ ಅವನು.

"ಸಾಕಾ?"

"ಇನ್ನೊಂದು ಕೂದಲೆಳೆ."

"ಈಗ?"

"ಬಂತು. ಥ್ಯಾಂಕ್ಸ್."

ಉದ್ದಣ್ಣನ ಬೆರಳು ತಿರುಪಿನ ಮೇಲೆ ಹಾಗೇ ನಿಂತಿತು. "ನಿನ್ನ ಹತ್ರ ಮಾತಾಡ್ಬೇಕಿತ್ತು ಕಣೋ," ಎಂದ.

"ಶಾಟ್ ಆಗ್ಲಿ."

"ಶಾಟ್ ಆದ್ಮೇಲೆ ನೀನು ಮಾತಾಡಲ್ಲ."

"ಗೊತ್ತಿದೆಯಲ್ಲ, ಮತ್ಯಾಕೆ ಕೇಳ್ತೀಯ?"

ಉದ್ದಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಗವಸು ಕಿತ್ತ. "ಹೊರಟೆ ಹಾಗಾದ್ರೆ," ಎಂದು ಬಾಗಿಲ ಕಡೆಗೆ ಹೋದ. ಅವನು ಗೋಳದ ಮುಚ್ಚಳ ಬಿಗಿದು, ಗಾಳಿ ಹೀರುವ ಪಂಪು ಹಾಕಿ, ಮಾಪಕದ ಮುಳ್ಳು ಇಳಿಯುವುದನ್ನು ನೋಡುತ್ತ ನಿಂತ. ನಿರ್ವಾತ ಬರುವುದಕ್ಕೆ ಸಾಕಷ್ಟು ಹೊತ್ತು ಬೇಕು. ಅಷ್ಟರಲ್ಲಿ ಗುಳ್ಳೆ ಕೊಳವೆಗಳನ್ನು ಜಾಗದಲ್ಲಿಟ್ಟು ಬಂದ. ಬೆರಳುದ್ದದ ಗಾಜಿನ ಕೊಳವೆ, ಒಳಗೆ ತಿಳಿಯಾದ ಅಂಟು. ನ್ಯೂಟ್ರಾನ್ ಹಾಯ್ದಲ್ಲೆಲ್ಲ ಅದರಲ್ಲಿ ಕಣ್ಣಿಗೆ ಕಾಣುವ ಗುಳ್ಳೆ ಏಳುತ್ತದೆ. ಎದುರಿಗೆ ಕೆಲವು, ಪಕ್ಕದಲ್ಲಿ ಕೆಲವು, ಹಿಂದೆ ಕೆಲವು. ಎದುರಿಗಿರುವ ಕಾಂಕ್ರೀಟ್ ದಿಮ್ಮಿಗಳ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಬಿಟ್ಟಿದ್ದರು. ನೆಟ್ಟಗೆ ಬಂದ ನ್ಯೂಟ್ರಾನುಗಳು ಆ ಕಿಂಡಿ ದಾಟಿ ಗೋಡೆಯ ಆಚೆಗೂ ಹೋಗಬೇಕು. ಆಚೆ ಬದಿಯ ಕೊಳವೆಯನ್ನು ನಿನ್ನೆಯೇ ಇಟ್ಟಾಗಿತ್ತು.

ಇವತ್ತಿನ ಕೊನೆಯ ಸುತ್ತು ಅವನದು. ಶಾಟಿಗೆ ಮುಂಚೆ ಒಬ್ಬರು ಇಡೀ ಹಾಲ್ ಸುತ್ತಿ, ಒಳಗೆ ಯಾರೂ ಉಳಿದಿಲ್ಲವೆಂದು ಕಣ್ಣಾರೆ ನೋಡಿ, ಮೂಲೆಮೂಲೆಯಲ್ಲಿರುವ ಹಸಿರು ಗುಂಡಿಗಳನ್ನು ಒತ್ತುತ್ತ ಬರಬೇಕು; ಎಲ್ಲ ಒತ್ತಿದರೆ ಮಾತ್ರ ಬಾಗಿಲಿಗೆ ಬೀಗ ಬೀಳುತ್ತದೆ, ಲೇಸರಿಗೆ ಅಪ್ಪಣೆ ಸಿಗುತ್ತದೆ. ಪಂಪಿನ ಹಳ್ಳ ನೋಡಿದ, ಮೆಟ್ಟಿಲ ಕೆಳಗೆ ನೋಡಿದ, ಗೋಳದ ಹಿಂದೆ ನೋಡಿದ. "ಯಾರಾದ್ರೂ ಇದ್ದೀರಾ?" ಎಂದು ವಾಡಿಕೆಯಂತೆ ಕೂಗಬೇಕಿತ್ತು. ಇವತ್ತು ಅವನು ಕೂಗಲಿಲ್ಲ. ಕೊನೆಗೆ ಕಾಂಕ್ರೀಟ್ ಗೋಡೆಯ ಹಿಂಬದಿಗೆ ತಿರುಗಿದ. ಅಲ್ಲಿ, ಕಿಂಡಿಯ ಕೆಳಗೆ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಉದ್ದಣ್ಣ ಕೂತಿದ್ದ. ಉದ್ದನೆಯ ಕಾಲುಗಳನ್ನು ಹೇಗೋ ಮಡಚಿಕೊಂಡು, ಹಣೆಯನ್ನು ಕಾಂಕ್ರೀಟಿಗೆ ಒತ್ತಿ, ಆ ಕಡೆಗೆ ಮುಖಮಾಡಿ. ಬೆನ್ನು ಅದುರುತ್ತಿತ್ತು. ಸದ್ದಿಲ್ಲ. ದೊಡ್ಡ ಗಂಡಸು ಹಾಗೆ ಸದ್ದಿಲ್ಲದೆ ಅಳುವುದನ್ನು ಅವನು ಅಪ್ಪ ತೀರಿಕೊಂಡಾಗ ದೊಡ್ಡಪ್ಪನಲ್ಲಿ ನೋಡಿದ್ದ. ಆಗಲೂ ಕೋಣೆಯ ಬಾಗಿಲಿನಿಂದ ಹಾಗೇ ಹಿಂದಕ್ಕೆ ಸರಿದಿದ್ದ. ಈಗಲೂ ಸರಿದ. ಅಳುವವನನ್ನು ನೋಡಬಾರದು ಎಂಬ ಒಂದು ಮರ್ಯಾದೆ ಕಾಲುಗಳಿಗೇ ಗೊತ್ತಿತ್ತು. ಸರಿಯುವ ಮುಂಚೆ ಅವನ ಕೈ ಗೋಡೆಯ ಮೂಲೆಯಲ್ಲಿದ್ದ ಹಸಿರು ಗುಂಡಿಯನ್ನು ಒತ್ತಿತು. ಅದು ಯಾವ ಮರ್ಯಾದೆ ಎಂದು ಅವನಿಗೆ ಆಮೇಲೆಯೂ ತಿಳಿಯಲಿಲ್ಲ.

ಹೊರಗೆ ಬಂದ. ಬಾಗಿಲು ಎಳೆದ. ಎರಡಾಳು ದಪ್ಪದ ಬಾಗಿಲು ಬೆಣ್ಣೆಯ ಹಾಗೆ ಜಾರಿ ಮುಚ್ಚಿತು. ಕೀ ತಿರುಗಿಸಿ, ಅದನ್ನು ತಂದು ಕಂಟ್ರೋಲ್ ರೂಮಿನ ಮೇಜಿನ ಮೇಲಿಟ್ಟ. "ಕ್ಲಿಯರ್," ಎಂದ. ಎಂಜಿನಿಯರಮ್ಮ ತಲೆಯಾಡಿಸಿ ಶುರುಮಾಡಿದರು. ಲೇಸರಿನ ಹೊಟ್ಟೆಗೆ ವಿದ್ಯುತ್ತು ತುಂಬುವ ಗುಂಯ್ ಎನ್ನುವ ಸದ್ದು ನೆಲದಿಂದ ಮೊಣಕಾಲಿಗೆ ಬಂತು. ಹಾಲ್‌ನ ಒಳಗೆ ಸೈರನ್ ಕೂಗುತ್ತಿರುವುದು ಗೋಡೆಯಾಚೆಯಿಂದ ಎಲ್ಲೋ ಮಗು ಅತ್ತ ಹಾಗೆ ಕೇಳಿಸುತ್ತಿತ್ತು. ಕಣ್ಗಾವಲಿನ ಪರದೆಗಳ ಮೇಲೆ ಗೋಳ, ಪಂಪು, ಬಾಗಿಲು. ಕಾಂಕ್ರೀಟ್ ಗೋಡೆಯ ಹಿಂಬದಿ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಎದ್ದಿರುತ್ತಾನೆ, ಅಂದುಕೊಂಡ. ಸೈರನ್ ಕೇಳಿದರೆ ಎಂಥವನೂ ಏಳುತ್ತಾನೆ. ಕೆಂಪು ಗುಂಡಿ ತಲೆಯ ಮೇಲೆಯೇ ಇದೆ, ಒತ್ತುತ್ತಾನೆ, ಎಲ್ಲ ನಿಲ್ಲುತ್ತದೆ. ಈಗ ಒತ್ತುತ್ತಾನೆ. ಈಗ. ಮುಖ್ಯಸ್ಥೆ ಏನೋ ಕೇಳಿದರು, ಅವನು ಹೂಂ ಎಂದ. ಅವನ ತಲೆ ಅಷ್ಟರಲ್ಲಿ ತನ್ನಷ್ಟಕ್ಕೆ ಲೆಕ್ಕ ಹಾಕಿ ಮುಗಿಸಿತ್ತು: ಎಲ್ಲ ಅಂದುಕೊಂಡಂತೆ ನೆಟ್ಟಗೆ ಹೋದರೂ ಆ ಕಿಂಡಿಯಿಂದ ಅಲ್ಲಿ ಕೂತವನಿಗೆ ತಗಲುವುದು ಆಸ್ಪತ್ರೆಯಲ್ಲಿ ಒಂದೆರಡು ಎಕ್ಸ್-ರೇ ತೆಗೆಸಿಕೊಂಡಷ್ಟು. ಸಾಯುವುದಿಲ್ಲ. ಕಾಯಿಲೆ ಬೀಳುವುದಿಲ್ಲ. ಚರ್ಮ ಕೂಡ ಕೆಂಪಾಗುವುದಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ತನಗೆ ಹುಟ್ಟಿದ ಸೇಡೂ ಇಷ್ಟು ಸಣ್ಣದು, ಅಳೆದರೆ ಉಪಕರಣಕ್ಕೂ ಸರಿಯಾಗಿ ಸಿಗದಷ್ಟು. ಅವನಿಗೆ ನಗು ಬಂದಂತಾಯಿತು. ಎಂಜಿನಿಯರಮ್ಮನ ಎಣಿಕೆ ಒಂದಂಕಿಗೆ ಇಳಿದಿತ್ತು. ಉದ್ದಣ್ಣ ಯಾಕೆ ಒತ್ತುತ್ತಿಲ್ಲ? ಬಿದ್ದಿದ್ದಾನೆಯೇ? ಕಾಂಕ್ರೀಟಿಗೆ ಒತ್ತಿದ ಆ ಹಣೆ, ಆ ಅದುರುವ ಬೆನ್ನು. ಅವನ ಕೈ ಮೇಜಿನ ಮೇಲಿನ ಕೆಂಪು ಗುಂಡಿಯನ್ನು ಗುದ್ದಿದ್ದು ಅವನಿಗೆ ಸದ್ದಿನಿಂದ ಗೊತ್ತಾಯಿತು.

ಗುಂಯ್ ಎನ್ನುವುದು ಒಮ್ಮೆಲೇ ಕುಸಿದು ನಿಂತಿತು. "ಏನಾಯ್ತು?" ಎಂದರು ಮುಖ್ಯಸ್ಥೆ. "ಒಳಗೆ ಅವನಿದ್ದಾನೆ," ಎಂದ. ಮುಂದೆ ನಡೆದದ್ದೆಲ್ಲ ಅವನಿಗೆ ಬೇರೆಯವರಿಗೆ ನಡೆದಂತೆ ಕಂಡಿತು. ಬಾಗಿಲು ಜಾರಿ ತೆರೆಯಿತು, ಉದ್ದಣ್ಣ ತಲೆ ಬಗ್ಗಿಸಿ ಹೊರಗೆ ಬಂದ, ಅವನ ಹಣೆಯ ಮೇಲೆ ಕಾಂಕ್ರೀಟಿನ ಬೂದು ಹುಡಿ ಮೆತ್ತಿತ್ತು. ಕಣ್ಣು ಕೆಂಪಗಿದ್ದುದನ್ನು ಎಲ್ಲರೂ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು.

"ಸುತ್ತು ಹೋದವನು ನಾನು ಮೇಡಂ. ಸರಿಯಾಗಿ ನೋಡಲಿಲ್ಲ. ತಪ್ಪು ನಂದು."

"ಇಲ್ಲ ಮೇಡಂ," ಎಂದ ಉದ್ದಣ್ಣ. "ನಾನೇ ಯಾರಿಗೂ ಹೇಳದೆ ಒಳಗೆ ಉಳಿದೆ. ಇವನದೇನೂ ತಪ್ಪಿಲ್ಲ."

ಮುಖ್ಯಸ್ಥೆ ಇಬ್ಬರ ಮುಖವನ್ನೂ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ. "ಇವತ್ತು ಇಬ್ಬರೂ ಬಾಗಿಲು, ಕೀ ಯಾವುದನ್ನೂ ಮುಟ್ಟಬೇಡಿ. ಲೇಸರ್ ತಣ್ಣಗಾಗೋವರೆಗೂ ಹೊರಗೆ ಕೂತ್ಕೊಳ್ಳಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಓಣಿಯಂಥ ಪಡಸಾಲೆಯಲ್ಲಿ ಗೋಡೆಗೆ ಒಂದು ಉದ್ದ ಬೆಂಚಿತ್ತು. ಶಾಲೆಯಿಂದ ಹೊರಗೆ ಹಾಕಿಸಿಕೊಂಡವರ ಹಾಗೆ ಅವರಿಬ್ಬರೂ ಅದರ ಮೇಲೆ ಕೂತರು, ನಡುವೆ ಮೂರನೆಯವರು ಕೂರುವಷ್ಟು ಜಾಗ ಬಿಟ್ಟು. ಆ ಜಾಗ ಯಾರದೆಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು. ಉದ್ದಣ್ಣ ತನ್ನ ಟೊಪ್ಪಿಗೆಯನ್ನು ಅಲ್ಲಿಟ್ಟ, ಮತ್ತೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಎದುರಿನ ಕಿಟಕಿಯಲ್ಲಿ ನಿಲ್ಲಿಸಿದ ಸೈಕಲ್ಲುಗಳು, ಒಂದು ಬೋಳು ಮರ, ಬಿಸಿಲು. ಇದೇ ಬೆಂಚಿನ ಮೇಲೆ ಕೂತು ಅವರು ಎಷ್ಟೊಂದು ಸೋತ ಶಾಟುಗಳ ಮೇಲೆ ಕಾಫಿ ಕುಡಿದಿದ್ದರು. ಆ ಸೋಲುಗಳೆಲ್ಲ ಈಗ ಎಷ್ಟು ಚೆಂದ ಕಾಣುತ್ತವೆ ಎಂದು ಹೇಳಿದರೆ ಅರ್ಥವಾಗುವ ಒಬ್ಬನೇ ಒಬ್ಬ ಮನುಷ್ಯ ಪಕ್ಕದಲ್ಲಿ ಕೂತಿದ್ದ.

"ಯಾಕೆ ಅಳ್ತಿದ್ದೆ?" ಎಂದು ಕೊನೆಗೆ ಅವನು ಕೇಳಿದ.

"ನೀನು ಥ್ಯಾಂಕ್ಸ್ ಅಂದೆಯಲ್ಲ, ಅದಕ್ಕೆ."

"ಅಂದ್ರೆ?"

"ಇಷ್ಟು ವರ್ಷದಲ್ಲಿ ಕನ್ನಡಿ ತಿರುಗಿಸಿದ್ದಕ್ಕೆ ಒಂದು ದಿನ ಥ್ಯಾಂಕ್ಸ್ ಅಂದಿದ್ದೀಯಾ ನೀನು? ಕತ್ತೆ ಅಂದಿದ್ದೀಯ, ಕುರುಡ ಅಂದಿದ್ದೀಯ. ಇವತ್ತು ಯಾರೋ ಹೊರಗಿನವರಿಗೆ ಹೇಳಿದ ಹಾಗೆ ಥ್ಯಾಂಕ್ಸ್ ಅಂದೆ. ಬಾಗಿಲವರೆಗೂ ಹೋದೆ, ಹೊರಗೆ ಬರೋಕಾಗ್ಲಿಲ್ಲ. ಎಲ್ಲಿ ಹೋಗಿ ಅಳ್ಲಿ ನಾನು? ಮನೇಲಿ ಅತ್ತರೆ ಅವಳಿಗೆ ಬೇಜಾರು."

ಮನೆಯಲ್ಲಿ. ಅಂದರೆ ಶನಿವಾರಕ್ಕೆ ಮುಂಚೆಯೇ ಅವಳು ಅಲ್ಲಿಗೆ ಹೋಗಿಬರುತ್ತಿದ್ದಾಳೆ. ಅವನಿಗೆ ಆ ಶಬ್ದವನ್ನು ದಾಟಿಕೊಂಡು ಬರಲು ಸ್ವಲ್ಪ ಹೊತ್ತು ಬೇಕಾಯಿತು.

"ಸೈರನ್ ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಗುಂಡಿ ಕೈಗೆ ಸಿಗೋ ಹಾಗೇ ಇತ್ತಲ್ಲೋ."

"ಇತ್ತು. ಒತ್ತೋಣ ಅಂತ ಎದ್ದೆ ಕೂಡ." ಉದ್ದಣ್ಣ ಟೊಪ್ಪಿಗೆಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದ. "ಆಮೇಲೆ, ನೀನೇ ನಿಲ್ಲಿಸ್ತೀಯ ಅನ್ನಿಸ್ತು. ನಿಲ್ಲಿಸ್ಲಿ ಅನ್ನಿಸ್ತು."

"ನೀನಲ್ಲಿದ್ದೀಯ ಅಂತ ನನಗೆ—"

"ನಿನ್ನ ಬೂಟಿನ ಸದ್ದು ನನಗೆ ಗೊತ್ತಿಲ್ವೇನೋ?" ಎಂದ ಉದ್ದಣ್ಣ, ಮೆಲ್ಲಗೆ. "ಬಂದೆ. ನಿಂತೆ. ಗುಂಡಿ ಒತ್ತಿದೆ. ಹೋದೆ."

ಕಿಟಕಿಯಾಚೆ ಯಾರೋ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಕೀ ಕೂರುತ್ತಿರಲಿಲ್ಲ. ಅವನು ಅದನ್ನೇ ನೋಡುತ್ತ ಕೂತ. ತಾನು ಅಲ್ಲಿಂದ ಸರಿದದ್ದು ಮರ್ಯಾದೆಯಿಂದ, ಅಳುವವನ ಎದುರು ನಿಲ್ಲಬಾರದೆಂದು, ಎಂದು ಹೇಳಬಹುದಿತ್ತು. ಅದು ಸುಳ್ಳಾಗಿರಲಿಲ್ಲ. ಅಷ್ಟು ಮಾತ್ರ ನಿಜವೂ ಆಗಿರಲಿಲ್ಲ. ಉದ್ದಣ್ಣ ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಆಗ ಲೆಕ್ಕ ಒಂದು ಬದಿಗಾದರೂ ಬರುತ್ತದೆ ಎಂದು ಕಾದ. ಉದ್ದಣ್ಣ ಎದ್ದು ನಿಂತು, ಪ್ಯಾಂಟಿನ ಹುಡಿ ಕೊಡವಿಕೊಂಡು, "ಅವಳಿಗೆ ಹೇಳಲ್ಲ ನಾನು," ಎಂದ. ಕರುಣೆಯಿಂದಲೇ ಹೇಳಿದ. ತನ್ನ ಹೆಂಡತಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಇನ್ನು ಮುಂದೆ ನಿರ್ಧರಿಸುವವನು ಈ ಮನುಷ್ಯ ಎಂದು, ಭಾನುವಾರದ ಅವಳ ಮಾತಿನಲ್ಲಿ ಅರ್ಥವಾಗದೆ ಉಳಿದಿದ್ದು, ಆಗ ಅವನಿಗೆ ಪೂರ್ತಿ ಅರ್ಥವಾಯಿತು.

ಮಧ್ಯಾಹ್ನ ಬೇರೊಬ್ಬರು ಸುತ್ತು ಹೋಗಿ, ಜೋರಾಗಿ ಕೂಗಿ, ಎರಡೆರಡು ಸಲ ನೋಡಿ ಬಂದರು. ಶಾಟ್ ಆಯಿತು. ಶಾಟ್ ಎಂದರೆ ನೋಡುವುದಕ್ಕೆ ಏನೂ ಇಲ್ಲ. ಒಂದು ಟಪ್ ಎಂಬ ಸದ್ದು, ಪರದೆಗಳು ಒಮ್ಮೆ ಬೆಳ್ಳಗಾಗಿ ಮತ್ತೆ ಬಂದವು. ಒಳಗೆ ಹೋಗಬಹುದೆಂದು ಅಪ್ಪಣೆಯಾದ ಮೇಲೆ ಎಂಜಿನಿಯರಮ್ಮನೇ ಕೊಳವೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ತಂದರು. ದೀಪದ ಎದುರು ಹಿಡಿದರು. ಪಕ್ಕದ ಕೊಳವೆಗಳಲ್ಲಿ ಬೆರಳಲ್ಲಿ ಎಣಿಸುವಷ್ಟು ಗುಳ್ಳೆ. ಹಿಂದಿನವುಗಳಲ್ಲಿ ಇನ್ನೂ ಕಡಿಮೆ. ಎದುರಿನ ಕೊಳವೆ ಹಿಡಿದಾಗ ಯಾರೋ ಅಯ್ಯೋ ಎಂದರು: ಅದು ಸೋಡಾ ಬಾಟಲಿಯ ಹಾಗೆ ತುಂಬಿಹೋಗಿತ್ತು, ಎಣಿಸುವ ಮಾತೇ ಇಲ್ಲ. ಕಿಂಡಿಯಾಚೆಯದ್ದೂ ತುಂಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ಯಾರೋ ಅವನ ಬೆನ್ನು ತಟ್ಟಿದರು, ಯಾರೋ ಉದ್ದಣ್ಣನ ಬೆನ್ನು ತಟ್ಟಲು ಕೈ ಎತ್ತಿ ಅಷ್ಟೆತ್ತರಕ್ಕೆ ಎಟುಕದೆ ನಕ್ಕರು. ಆ ಗುಂಪಿನ ತಲೆಗಳ ಮೇಲಿನಿಂದ ಉದ್ದಣ್ಣ ಅವನನ್ನು ನೋಡಿದ. ಎಷ್ಟೋ ವರ್ಷಗಳಿಂದ ಇಬ್ಬರೂ ಬೇರೆ ಬೇರೆಯಾಗಿ ಕಲ್ಪಿಸಿಕೊಂಡಿದ್ದ ನೋಟ ಅದು. ಅವನು ತಲೆಯಾಡಿಸಿದ. ಉದ್ದಣ್ಣನೂ ತಲೆಯಾಡಿಸಿದ. ಅಷ್ಟೆ.

ಅವನು ಬೇಗ ಹೊರಟ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರು ಸೀಟಿನಲ್ಲಿ ಒಬ್ಬ ಹೆಂಗಸು ನಿದ್ದೆಹೋದ ಮಗುವಿನ ಬಾಯಿ ಒರೆಸುತ್ತಿದ್ದಳು. ಹೇಳಿಬಿಡಲೇ ಎಂದುಕೊಂಡ: ನೋಡಿ, ಇವತ್ತು ನಾವು ಎತ್ತೆಂದರತ್ತ ಹೋಗುವುದನ್ನು ಒಂದು ಕಡೆಗೆ ಹೋಗುವ ಹಾಗೆ ಮಾಡಿದೆವು. ಆಕೆ ಮಗುವನ್ನು ಇನ್ನೊಂದು ಭುಜಕ್ಕೆ ಬದಲಿಸಿಕೊಂಡಳು. ಬದುಕಿನ ಬಹುಪಾಲು ಕಾದ ಸುದ್ದಿ ಬಾಯಲ್ಲಿ ಬಿಸಿ ತುತ್ತಿನ ಹಾಗೆ ನಿಂತಿತ್ತು, ನುಂಗುವುದಕ್ಕೂ ಆಗದೆ, ಉಗುಳುವುದಕ್ಕೂ ಆಗದೆ. ತನ್ನ ನಿಲ್ದಾಣ ಬಂದರೂ ಏಳದೆ, ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದ.

ಚಿಕ್ಕ ಕೋಣೆಯಲ್ಲಿ ಅವಳು ನೆಲದ ಮೇಲೆ ಕೂತು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಮಕ್ಕಳಿಗೆ ತೋರಿಸುವ ಚಿತ್ರದ ಪುಸ್ತಕಗಳು: ಆನೆ, ಕೊಡೆ, ಚಮಚ. ಅವನು ಬಾಗಿಲಲ್ಲಿ ನಿಂತ. ಹೇಳಬಾರದು ಎಂದುಕೊಂಡೇ ಬಂದಿದ್ದ. ಈ ಸುದ್ದಿಯನ್ನು ಅವಳ ಕಾಲ ಬುಡ ಇಟ್ಟು ಏನನ್ನೋ ಬೇಡಿದಂತಾಗಬಾರದು.

"ಬೇಗ ಬಂದ್ರಲ್ಲ," ಎಂದಳು.

"ಮುಂದಕ್ಕೇ ಹೋಯ್ತು."

ಅವಳ ಕೈಯಲ್ಲಿದ್ದ ಪುಸ್ತಕ ಹಾಗೇ ನಿಂತಿತು. "ಏನು?"

"ಎಲ್ಲ ಮುಂದಕ್ಕೇ. ಪಕ್ಕದಲ್ಲಿ ಏನೂ ಇಲ್ಲ. ಎದುರಿನ ಕೊಳವೆ ತುಂಬಿಹೋಗಿದೆ, ಎಣಿಸೋಕಾಗಲ್ಲ."

ಅವಳು ಎದ್ದಳು. ಪುಸ್ತಕ ಕೈಯಿಂದ ಜಾರಿಬಿತ್ತು, ನೋಡಲಿಲ್ಲ. ಅವನ ಬಳಿಗೆ ಬಂದು ಎರಡೂ ಕೈಗಳಿಂದ ಅವನ ತೋಳು ಹಿಡಿದುಕೊಂಡಳು. ಬಾಯಿ ತುಸು ತೆರೆದು, ಮಾತಿಗಾಗಿ ತಡಕಾಡಿ, ಸಿಗದೆ, ಕಣ್ಣಲ್ಲಿ ನೀರು ತುಂಬಿಕೊಂಡು ಹಾಗೇ ನಿಂತಳು. ಇಷ್ಟು ವರ್ಷ ಆರಿದ ಊಟ, ತಪ್ಪಿದ ಮದುವೆಮುಂಜಿಗಳು, ಹಾಸಿಗೆಯಲ್ಲಿ ಬೆನ್ನು ಮಾಡಿ ಹಾಕಿದ ಲೆಕ್ಕ, ಎಲ್ಲವೂ ಅವಳದೂ ಆಗಿತ್ತಲ್ಲ. ಅವನ ತೋಳಿನ ಮೇಲೆ ಅವಳ ಬೆರಳುಗಳು ಬಿಗಿಯಾಗಿದ್ದವು. ಇವಳು ಇಲ್ಲೇ ಇರುತ್ತಾಳೆ ಎಂದು, ಒಂದು ಉಸಿರಿನಷ್ಟು ಹೊತ್ತು, ಅವನಿಗೆ ನಿಶ್ಚಯವಾಗಿ ಗೊತ್ತಿತ್ತು.

ಪೆಟ್ಟಿಗೆಯ ಮೇಲಿದ್ದ ಅವಳ ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ಅವಳು ನೋಡಲಿಲ್ಲ, ಅವನೂ ನೋಡಲಿಲ್ಲ. ಬೆರಳುಗಳು ಸಡಿಲವಾದವು. ನಿಂತಿತು. ಮತ್ತೆ ಬಡಿದುಕೊಂಡಿತು.

"ತಗೋ," ಎಂದ ಅವನು.

"ಬೇಡ. ಆಮೇಲೆ ಮಾಡ್ತೀನಿ."

"ತಗೋ. ಅವನು ಹೇಳ್ಲಿ. ಅವನದೂ ಅಲ್ವಾ ಇದು. ನಾನು ಇನ್ನೂ ಬಂದಿಲ್ಲ ಅನ್ನು. ಗೊತ್ತಿಲ್ಲದೋರ ಹಾಗೆ ಕೇಳು."

ಅವಳು ಫೋನು ತೆಗೆದುಕೊಂಡು ನಡುಮನೆ ದಾಟಿ ಅಡುಗೆಮನೆಗೆ ಹೋದಳು. ಬಾಗಿಲು ಮುಂದೆ ಮಾಡಿಕೊಂಡಳು, ಆದರೆ ಆ ಬಾಗಿಲು ಎಂದೂ ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ.

"ಹೇಳು," ಎಂದಳು. ಗಂಡನಿಗೆ ಒಮ್ಮೆಯೂ ಹೇಳು ಎನ್ನದವಳು, ಹೇಳಿ ಎಂದೇ ಬದುಕು ಕಳೆದವಳು. ಆ ಕಡೆಯ ಮಾತು ಕೇಳಿಸಿಕೊಂಡಳು. ಆಮೇಲೆ, "ಹೌದಾ? ನಿಜವಾಗ್ಲೂ?" ಎಂದಳು.

ಬೆರಗಿನಿಂದ ಮೇಲೆದ್ದು ಕೊನೆಯಲ್ಲಿ ನಗುವಾಗಿ ಒಡೆಯುವ ಆ ಧ್ವನಿಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಯಾರು ಕೇಳಿದರೂ ಈಗಷ್ಟೇ ಸುದ್ದಿ ಕೇಳಿದಳು ಎನ್ನಬೇಕು. ಅವನು ಪೆಟ್ಟಿಗೆಯ ಪಕ್ಕ ನಿಂತಲ್ಲೇ ನಿಂತ. ಆ ಧ್ವನಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಾಳೆ ಮೊದಲ ಸಲ ಹರಿಯದೆ ಉಳಿದ ದಿನ, ಮೊದಲ ಗುಳ್ಳೆ ಎದ್ದ ದಿನ, ಹೊಸ ಕನ್ನಡಿಗಳು ಬಂದ ದಿನ, ಬಸ್ಸು ಹಿಡಿದು ಎಲ್ಲರಿಗಿಂತ ತಡವಾಗಿ ಬಂದು, ಚಪ್ಪಲಿ ಬಿಡುವ ಮುಂಚೆಯೇ ಅವನು ಸುದ್ದಿ ಹೇಳಿದಾಗೆಲ್ಲ ಅಡುಗೆಮನೆಯಿಂದ ತಿರುಗಿ ಅವಳು ಹೀಗೆಯೇ, ಸರಿಯಾಗಿ ಹೀಗೆಯೇ, ಹೌದಾ, ನಿಜವಾಗ್ಲೂ ಎಂದಿದ್ದಳು. ಈಗ ತೋಳು ಹಿಡಿದು ಮಾತೇ ಬರದೆ ನಿಂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಹಾಗಾದರೆ ಆ ದಿನಗಳಲ್ಲೂ ಅವನು ಮನೆ ಮುಟ್ಟುವ ಮುಂಚೆಯೇ ಅವಳಿಗೆ ಫೋನು ಬಂದಿರುತ್ತಿತ್ತೇ? ಯಾವ ದಿನದಿಂದ ಎಂದು ಅವನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗಿ ನೋಡತೊಡಗಿದ. ಹೋದಷ್ಟು ದೂರವೂ ಅದೇ ಧ್ವನಿ ಇತ್ತು.

ಅಡುಗೆಮನೆಯಲ್ಲಿ ಅವಳು ನಗುತ್ತಿದ್ದಳು. ಅವನು ನೆಲದ ಮೇಲೆ ಕೂತು, ಜಾರಿಬಿದ್ದಿದ್ದ ಪುಸ್ತಕವನ್ನು ಎತ್ತಿ, ಮಡಚಿಕೊಂಡಿದ್ದ ಹಾಳೆಯನ್ನು ಅಂಗೈಯಿಂದ ನೇರಮಾಡಿ ಪೆಟ್ಟಿಗೆಯಲ್ಲಿಟ್ಟ. ಆಮೇಲೆ ಅವಳು ಬಿಟ್ಟಿದ್ದ ಕಡೆಯಿಂದ ಉಳಿದವನ್ನೂ ಒಂದೊಂದಾಗಿ ತುಂಬತೊಡಗಿದ.